ಮಡಚೋ ಸೈಕಲ್ ಕೊಳ್ಳೋ ಮುಂಚೆ ಒಂದ್ಸಲ ಮೆಟ್ಟಿಲು ಹತ್ತಿ ನೋಡಿ

ನನ್ನ ಮೊದಲ ಮಡಚುವ ಸೈಕಲ್ 17 ಕೆಜಿ ತೂಗುತ್ತಿತ್ತು. ಈ ಅಂಕಿ ವೆಬ್‌ಸೈಟಿನಲ್ಲೇ ಇತ್ತು. ನಾನು ಓದಿಯೂ ಇದ್ದೆ. ಆದರೆ 17 ಕೆಜಿ ಅಂದ್ರೆ ಎಷ್ಟು ಅನ್ನೋದು ಓದಿದಾಗ ಗೊತ್ತಾಗಲ್ಲ, ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಎರಡನೇ ಮಹಡಿಗೆ ಅದನ್ನ ಎತ್ಕೊಂಡು ಹತ್ತಿದಾಗ ಗೊತ್ತಾಗುತ್ತೆ. ಬಾಗಿಲು ತೆಗೆದ ಅಮ್ಮ ಅದನ್ನ ನೋಡಿ, "ಏನೇ ಇದು, ದುಡ್ಡು ಕೊಟ್ಟು ಮುರಿದಿರೋ ಸೈಕಲ್ ತಂದಿದೀಯಾ?" ಅಂತ ಕೇಳಿದಳು.

ನಾಲ್ಕು ತಿಂಗಳಿಗೆ ಅದನ್ನ ಅರ್ಧ ಬೆಲೆಗೆ ಮಾರಿದೆ. ಈಗ ಇರೋದು ಎರಡನೆಯದು. ನಿಜ ಹೇಳಬೇಕಂದ್ರೆ ಇದೇ ನನ್ನ ಮೊದಲನೆಯದು, ಯಾಕಂದ್ರೆ ಇದನ್ನ ನಾನು ಆರಿಸಿ ತಂದೆ. ಅದನ್ನ ಫೋಟೋ ನೋಡಿ ತಂದಿದ್ದೆ ಅಷ್ಟೆ. ಆಫೀಸಿನ ಕಿರಿಯರು "ಅಕ್ಕಾ, ಯಾವುದು ತಗೊಳ್ಳಲಿ?" ಅಂತ ಕೇಳ್ತಾನೇ ಇರ್ತಾರೆ. ಯಾವ ಕಂಪನಿ ಅನ್ನೋ ಪ್ರಶ್ನೆ ಕೊನೆಗೆ ಬರಬೇಕು. ಅದಕ್ಕೂ ಮುಂಚೆ ಕೇಳ್ಕೋಬೇಕಾದ್ದು ಬೇರೆಯೇ ಇದೆ.

ನನಗೆ ಸೈಕಲ್ ಯಾಕೆ ಬೇಕಾಯ್ತು ಅನ್ನೋದನ್ನ ಸ್ವಲ್ಪ ಹೇಳಿಬಿಡ್ತೀನಿ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಬೆಳಿಗ್ಗೆ ಗಟ್ಟಿ ಇರ್ತಾಳೆ, ಸಂಜೆಗೆ ಕಾಲು ಊದಿಕೊಳ್ಳುತ್ತೆ. ಮಧ್ಯಾಹ್ನದಿಂದ ನೋಡಿಕೊಳ್ಳುವ ಅಕ್ಕ ಏಳು ಗಂಟೆಗೆ ಹೊರಡಲೇಬೇಕು, ಅವರಿಗೂ ಮನೆ ಮಕ್ಕಳು ಇದ್ದಾರೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಆದಾಗ ನನಗೆ ಲಾಟರಿ ಹೊಡೆದ ಹಾಗಾಗಿತ್ತು. ವಿಜಯನಗರದಲ್ಲಿ ಹತ್ತಿದರೆ ಕುಂದಲಹಳ್ಳಿಯಲ್ಲಿ ಇಳಿಯೋದು, ನಡುವೆ ಬದಲಾಯಿಸೋ ಗೋಜಿಲ್ಲ. ತೊಂದರೆ ಇದ್ದದ್ದು ಎರಡು ತುದಿಯಲ್ಲಿ. ಮನೆಯಿಂದ ಸ್ಟೇಷನ್‌ಗೆ ಎರಡೂವರೆ ಕಿಲೋಮೀಟರ್, ಆ ಕಡೆ ಸ್ಟೇಷನ್‌ನಿಂದ ಆಫೀಸಿಗೆ ಮೂರು. ಸಂಜೆ ಹೊತ್ತಿಗೆ ಆ ಮೂರು ಕಿಲೋಮೀಟರ್‌ಗೆ ಆಟೋ ಸಿಗಲು ಒಂದು ದಿನ ಐದು ನಿಮಿಷ, ಇನ್ನೊಂದು ದಿನ ನಲವತ್ತು. ದುಡ್ಡಿಗಿಂತ ಆ ಅನಿಶ್ಚಿತತೆ ನನ್ನನ್ನ ಸುಸ್ತು ಮಾಡಿತ್ತು. ಏಳೂಕಾಲು ಆದರೂ ನಾನು ಇಂದಿರಾನಗರ ದಾಟಿಲ್ಲ, ಆ ಅಕ್ಕ ಫೋನ್ ಮಾಡಿ "ನಾನು ಹೊರಡ್ಲಾ ಮೇಡಂ?" ಅಂತ ಮೆಲ್ಲಗೆ ಕೇಳ್ತಾರೆ. ಆಗ ಏನಂತ ಹೇಳೋದು?

ಹಾಗಾಗಿ ಮೊದಲು ಕೇಳ್ಕೋಬೇಕಾದ ಪ್ರಶ್ನೆ: ಮಡಚುವ ಅಗತ್ಯ ನಿಮಗೆ ನಿಜವಾಗಿ ಇದೆಯಾ?

ಮನೆಯಲ್ಲೂ ಆಫೀಸಿನಲ್ಲೂ ಸೈಕಲ್ ನಿಲ್ಲಿಸೋಕೆ ಭದ್ರವಾದ ಜಾಗ ಇದ್ದು, ನಡುವೆ ಮೆಟ್ರೋ ಹತ್ತೋದು ಇಲ್ಲದಿದ್ದರೆ ದಯವಿಟ್ಟು ಮಾಮೂಲಿ ಸೈಕಲ್ ತಗೊಳ್ಳಿ. ಅದೇ ದುಡ್ಡಿಗೆ ಹಗುರವಾದ, ಗಟ್ಟಿಯಾದ, ಗುಂಡಿಯಲ್ಲಿ ಕಡಿಮೆ ಕುಲುಕುವ ಸೈಕಲ್ ಬರುತ್ತೆ. ಕೀಲು, ಲ್ಯಾಚು, ಉದ್ದನೆಯ ಸೀಟ್ ಪೋಸ್ಟು, ಇವಕ್ಕೆಲ್ಲ ನೀವು ದುಡ್ಡನ್ನೂ ಕೊಡ್ತೀರಿ, ತೂಕವನ್ನೂ ಹೊರ್ತೀರಿ. ಮಡಚೋದೇ ಇಲ್ಲ ಅಂದಮೇಲೆ ಅದ್ಯಾಕೆ? ಮಡಚುವ ಸೈಕಲ್ ಬೇಕಾಗೋದು ಮನೆಯೊಳಗೆ ಇಟ್ಕೋಬೇಕಾದವರಿಗೆ, ಡೆಸ್ಕ್ ಕೆಳಗೆ ತಳ್ಳಬೇಕಾದವರಿಗೆ, ಕಾರಿನ ಡಿಕ್ಕಿಯಲ್ಲಿ ಹಾಕ್ಕೊಂಡು ಹೋಗೋರಿಗೆ, ಮತ್ತೆ ನನ್ನಂಥ ಮೆಟ್ರೋದವರಿಗೆ.

ಮೆಟ್ರೋ ವಿಷಯ ಬಂತಲ್ಲ, ಟೇಪು ತಗೊಳ್ಳಿ. ನಮ್ಮ ಮೆಟ್ರೋದಲ್ಲಿ ಮಡಚುವ ಸೈಕಲ್‌ಗೆ ಅನುಮತಿ ಸಿಕ್ಕಿದ್ದು 2022ರ ಜೂನ್‌ನಲ್ಲಿ. ಆಗ ಪ್ರಕಟಿಸಿದ ಷರತ್ತು: ತೂಕ 15 ಕೆಜಿ ಮೀರಬಾರದು, ಮಡಚಿದ ಮೇಲೆ ಅಳತೆ 60 ಸೆಂಟಿಮೀಟರ್ ಉದ್ದ, 45 ಅಗಲ, 25 ದಪ್ಪ ಮೀರಬಾರದು. ಸ್ಕ್ಯಾನರ್ ಮೂಲಕ ಹಾಯಿಸಬೇಕು, ಕೊನೆಯ ಬೋಗಿಯಲ್ಲಿ ಹೋಗಬೇಕು. ಓದೋಕೆ ಧಾರಾಳವಾಗಿ ಕಾಣುತ್ತೆ. ಆದರೆ ಜಗತ್ತಿನಲ್ಲೇ ಚಿಕ್ಕದಾಗಿ ಮಡಚಿಕೊಳ್ಳೋದಕ್ಕೆ ಹೆಸರಾದ ಬ್ರಾಂಪ್ಟನ್ ಇದೆಯಲ್ಲ, ಅದೂ ಮಡಚಿದ ಮೇಲೆ ಸುಮಾರು 58 ಸೆಂಟಿಮೀಟರ್ ಉದ್ದ, 56 ಎತ್ತರ, 27 ದಪ್ಪ ಆಗುತ್ತೆ. ಅಂದ್ರೆ ಅಕ್ಷರಶಃ ಅಳೆದರೆ ಲಕ್ಷ ರೂಪಾಯಿ ಮೀರುವ ಆ ಸೈಕಲ್ ಕೂಡ ಹೊರಗೇ. ಇನ್ನು 20 ಇಂಚಿನ ಚಕ್ರದ ಸಾಮಾನ್ಯ ಸೈಕಲ್‌ಗಳು ಮಡಚಿದ ಮೇಲೂ 80 ಸೆಂಟಿಮೀಟರ್ ಆಸುಪಾಸು ಉದ್ದ ಇರ್ತವೆ. ಆ ಅಳತೆ ಬರೆದವರು ಯಾವ ಸೈಕಲನ್ನ ಮುಂದೆ ಇಟ್ಕೊಂಡು ಬರೆದರೋ! ಸೂಟ್‌ಕೇಸಿನ ಅಳತೆ ಥರ ಇದೆ.

ಹಾಗಾದ್ರೆ ನಾನೇನು ಮಾಡಿದೆ? ಕೊಳ್ಳೋಕೆ ಮುಂಚೆಯೇ ಒಂದು ಮಧ್ಯಾಹ್ನ, ಜನ ಇಲ್ಲದ ಹೊತ್ತಲ್ಲಿ, ನಾನು ದಿನಾ ಹತ್ತುವ ಸ್ಟೇಷನ್‌ಗೂ ಇಳಿಯುವ ಸ್ಟೇಷನ್‌ಗೂ ಹೋಗಿ ಕೇಳಿದೆ. ಪರಿಚಯದವರ ಸೈಕಲನ್ನ ಚೀಲದಲ್ಲಿ ಹಾಕ್ಕೊಂಡು ಹೋಗಿ ತೋರಿಸಿದೆ. ನೋಡಿದರು, ಸ್ಕ್ಯಾನರ್‌ಗೆ ಹಾಕಿಸಿದರು, "ಕೊನೆ ಬೋಗಿಗೆ ಹೋಗಿ ಮೇಡಂ, ರಶ್ ಟೈಮಲ್ಲಿ ತರಬೇಡಿ" ಅಂದರು. ಅದು ಆವತ್ತಿನ ಆ ಸಿಬ್ಬಂದಿಯ ಒಪ್ಪಿಗೆ, ಎಲ್ಲ ಸ್ಟೇಷನ್‌ನ ಭರವಸೆ ಅಲ್ಲ. ನೀವೂ ಹಾಗೇ ಕೇಳಿ, ದುಡ್ಡು ಕೊಟ್ಟ ಮೇಲೆ ಅಲ್ಲ, ಕೊಡೋಕೆ ಮುಂಚೆ. ರಶ್ ಟೈಮಿನ ಮಾತಂತೂ ನೂರಕ್ಕೆ ನೂರು ಸರಿ. ಬೆಳಿಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವಾಗ ಸೈಕಲ್ ಹಿಡ್ಕೊಂಡು ನಿಲ್ಲೋದು ಯಾರಿಗೂ ಒಳ್ಳೇದಲ್ಲ. ನಾನು ಮ್ಯಾನೇಜರ್ ಹತ್ರ ಮಾತಾಡಿ ಎಂಟರಿಂದ ಐದರ ಸಮಯ ಕೇಳಿ ತಗೊಂಡೆ. ನಿಮ್ಮ ಆಫೀಸಿನಲ್ಲಿ ಅದು ಆಗದಿದ್ದರೆ ಮೆಟ್ರೋ ಜೊತೆ ಸೈಕಲ್ ಅನ್ನೋ ಲೆಕ್ಕವನ್ನೇ ಮತ್ತೊಮ್ಮೆ ಹಾಕಿ.

ಈಗ ಚಕ್ರದ ವಿಷಯ. ಎಲ್ಲರೂ ತಪ್ಪು ಮಾಡೋದು ಇಲ್ಲೇ.

"ಚಕ್ರ ಚಿಕ್ಕದಲ್ವಾ, ಜಾಸ್ತಿ ತುಳೀಬೇಕಲ್ವಾ?" ಅಂತ ಎಲ್ಲರೂ ಕೇಳ್ತಾರೆ. ಇಲ್ಲ. ಪೆಡಲಿನ ಹತ್ತಿರ ಇರುವ ಹಲ್ಲುಚಕ್ರ ದೊಡ್ಡದು ಮಾಡಿ ಅದನ್ನ ಸರಿದೂಗಿಸಿರ್ತಾರೆ. ಉದಾಹರಣೆಗೆ ಮುಂದೆ 52 ಹಲ್ಲು, ಹಿಂದೆ 14 ಹಲ್ಲು ಇರುವ 20 ಇಂಚಿನ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು 5.7 ಮೀಟರ್ ಮುಂದೆ ಹೋಗುತ್ತೆ. ತಾತನ ಕಾಲದ 28 ಇಂಚಿನ ಕಪ್ಪು ಸೈಕಲ್, ಮುಂದೆ 44 ಹಿಂದೆ 18 ಹಲ್ಲು ಇದ್ದರೆ, ಹೋಗೋದು ಸುಮಾರು 5.4 ಮೀಟರ್. ವೇಗದ ಚಿಂತೆ ಬೇಡ. ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ 1962ರಲ್ಲೇ ಚಿಕ್ಕ ಚಕ್ರಕ್ಕೆ ಸಸ್ಪೆನ್ಷನ್ ಹಾಕಿದ ಸೈಕಲ್ ಮಾಡಿ, ಚಿಕ್ಕ ಚಕ್ರ ಅಂದ್ರೆ ಮಕ್ಕಳ ಆಟಿಕೆ ಅನ್ನೋ ಮಾತನ್ನ ಸುಳ್ಳು ಮಾಡಿದ್ದರು.

ಚಿಕ್ಕ ಚಕ್ರದ ನಿಜವಾದ ಕಷ್ಟ ಗುಂಡಿ. ದೊಡ್ಡ ಚಕ್ರ ಗುಂಡಿಯ ಮೇಲೆ ಹಾರಿಹೋಗುತ್ತೆ, ಚಿಕ್ಕದು ಅದರೊಳಗೆ ಇಳಿಯುತ್ತೆ. ನಮ್ಮ ರಸ್ತೆಗಳನ್ನ ನಿಮಗೆ ವರ್ಣಿಸಬೇಕಾಗಿಲ್ಲ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಕಾಣೋದೂ ಇಲ್ಲ. ಹಾಗಾಗಿ ಬರೀ ರಸ್ತೆ ಲೆಕ್ಕ ಹಾಕಿದರೆ 20 ಇಂಚು, ಅಗಲ ಟೈರು, ಇದೇ ಸರಿ. ಬರೀ ಮೆಟ್ರೋ ಲೆಕ್ಕ ಹಾಕಿದರೆ 16 ಇಂಚು. ಎರಡೂ ಒಟ್ಟಿಗೆ ಸಿಗಲ್ಲ. ನನಗೆ ಮೆಟ್ರೋ ಮುಖ್ಯ, ಹಾಗಾಗಿ 16 ಇಂಚಿನ, ಮೂರು ಮಡಿಕೆಯ ಸೈಕಲ್ ತಗೊಂಡೆ. ಗುಂಡಿ ಬಂದಾಗ ಸೀಟಿನಿಂದ ಸ್ವಲ್ಪ ಎದ್ದು, ನಿಧಾನ ಮಾಡಿ ದಾಟ್ತೀನಿ. ಹತ್ತು ವರ್ಷ ಸ್ಕೂಟಿ ಓಡಿಸಿದವರಿಗೆ ಇದು ಅಭ್ಯಾಸ ಆಗೋಕೆ ಎರಡು ವಾರ ಬೇಕು.

ಇದರಲ್ಲಿ ಇನ್ನೊಂದು ಒಳಗುಟ್ಟಿದೆ, ಅಂಗಡಿಯವರು ತಾವಾಗಿ ಹೇಳಲ್ಲ. 20 ಇಂಚು ಅಂದ್ರೆ ಒಂದೇ ಅಳತೆ ಅಲ್ಲ, 16 ಇಂಚೂ ಅಷ್ಟೆ. ಟೈರಿನ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಮೂರಂಕಿಯ ಸಂಖ್ಯೆ ಇರುತ್ತೆ, ಅದು ಮಿಲಿಮೀಟರ್‌ನಲ್ಲಿ ರಿಮ್ಮಿನ ಅಳತೆ. 406 ಅಂತ ಇದ್ದರೆ ನೀವು ಗೆದ್ದಿರಿ: ಅದು ಮಕ್ಕಳ 20 ಇಂಚಿನ ಸೈಕಲ್‌ನ ಅಳತೆಯೇ, ಟ್ಯೂಬು ಟೈರು ಯಾವ ಬೀದಿಯ ಸೈಕಲ್ ಶಾಪಿನಲ್ಲೂ ಸಿಗುತ್ತೆ. 451 ಅಂತ ಇದ್ದರೆ ಅದು ರೇಸ್ ಥರದ ಸಪೂರ ಚಕ್ರ, ಹುಡುಕಬೇಕು. 16 ಇಂಚಿನಲ್ಲಿ ಮಕ್ಕಳ ಸೈಕಲ್‌ನದು 305, ಬ್ರಾಂಪ್ಟನ್ ಮಾದರಿಯ ಮೂರು ಮಡಿಕೆಯದು 349. ಒಂದರ ಟೈರು ಇನ್ನೊಂದಕ್ಕೆ ಕೂರಲ್ಲ. ನನ್ನದು 349. ಒಂದು ಸಂಜೆ ಪಂಕ್ಚರ್ ಆಗಿ, ಸೈಕಲ್ ಶಾಪಿನ ಅಣ್ಣ ಡಬ್ಬಿಯಿಂದ ಮಕ್ಕಳ ಟ್ಯೂಬ್ ತೆಗೆದು ಅಳೆದು, "ಇದು ಫಾರಿನ್ ಸೈಜಮ್ಮ, ನಮ್ಮಲ್ಲಿ ಬರಲ್ಲ. ಪ್ಯಾಚ್ ಹಾಕಿ ಕೊಡ್ತೀನಿ" ಅಂದರು. ಆವತ್ತಿನಿಂದ ಬ್ಯಾಗಿನಲ್ಲಿ ಎರಡು ಟ್ಯೂಬು, ಎರಡು ಟೈರ್ ಲಿವರು ಇದ್ದೇ ಇರ್ತವೆ. ಮೆಟ್ರೋ ಗೋಜಿಲ್ಲದವರು ಕಣ್ಣು ಮುಚ್ಚಿ 406 ತಗೊಳ್ಳಿ.

ತೂಕದ ಬಗ್ಗೆ ನನ್ನದು ಒಂದೇ ಪರೀಕ್ಷೆ. ಅಂಗಡಿಗೆ ಹೋಗುವಾಗ ನೀವು ದಿನಾ ಹೊರುವ ಬ್ಯಾಗನ್ನೇ ಹಾಕ್ಕೊಂಡು ಹೋಗಿ. ಲ್ಯಾಪ್‌ಟಾಪು, ಚಾರ್ಜರು, ಟಿಫಿನ್ ಬಾಕ್ಸು, ನೀರಿನ ಬಾಟಲಿ, ಎಲ್ಲ ಸಮೇತ. ಸೈಕಲ್ ಮಡಚಿ, ಒಂದು ಕೈಯಲ್ಲಿ ಎತ್ತಿ, ಎರಡು ಮಹಡಿ ಹತ್ತಿ. ಅಂಗಡಿಯಲ್ಲಿ ಮಹಡಿ ಇಲ್ಲದಿದ್ದರೆ ಹೊರಗೆ ನೂರು ಹೆಜ್ಜೆ ನಡೆಯಿರಿ. ಸಂಕೋಚ ಬೇಡ, ದುಡ್ಡು ನಿಮ್ಮದು, ಬೆನ್ನೂ ನಿಮ್ಮದು. ನನ್ನ ಅನುಭವದಲ್ಲಿ 12 ಕೆಜಿಯೊಳಗೆ ಇದ್ದರೆ ದಿನಾ ಎತ್ತಬಹುದು. 14 ಆದರೆ ವಾರಕ್ಕೆ ಎರಡು ಸಲ ಬೈಕೋತೀರಿ. 17 ಆದರೆ ನನ್ನ ಹಾಗೆ ನಾಲ್ಕು ತಿಂಗಳಿಗೆ ಮಾರ್ತೀರಿ.

ಎತ್ತೋದಕ್ಕಿಂತ ಉರುಳಿಸೋದು ಸುಲಭ, ಇದನ್ನೂ ಗಮನಿಸಿ. ಕೆಲವು ಮಡಚಿದ ಮೇಲೂ ಸಣ್ಣ ಗಾಲಿಯ ಮೇಲೆ ಟ್ರಾಲಿ ಥರ ಬರ್ತವೆ. ಕೆಲವು ಎರಡು ಚಕ್ರ ಜೋಡಿಸಿ ಸೀಟು ಹಿಡಿದು ತಳ್ಳಬಹುದು. ಇನ್ನು ಕೆಲವಕ್ಕೆ ಎರಡೂ ಇಲ್ಲ, ಹೆಣದ ಹಾಗೆ ಹೊರಬೇಕು. ಮಡಚಿದ್ದನ್ನ ಹಿಡಿದಿಡೋಕೆ ಕೊಕ್ಕೆ ಇದೆಯಾ, ಬರೀ ಅಯಸ್ಕಾಂತವಾ ನೋಡಿ. ಕಡಿಮೆ ಬೆಲೆಯ ಅಯಸ್ಕಾಂತ ಮೆಟ್ಟಿಲ ನಡುವೆ ಕೈಕೊಟ್ಟು ಸೈಕಲ್ ತೆರೆದುಕೊಂಡರೆ ಹಿಂದೆ ಬರ್ತಾ ಇರೋರಿಗೆ ಏಟು.

ಚೈನ್ ಯಾವ ಕಡೆ ಬರುತ್ತೆ ಅನ್ನೋದನ್ನ ನಾನು ಮೊದಲ ಸೈಕಲ್‌ನಲ್ಲಿ ನೋಡಿರಲಿಲ್ಲ. ಮಡಚಿದಾಗ ಚೈನ್ ಒಳಗೆ ಹೋಗಬೇಕು, ಎರಡು ಚಕ್ರದ ನಡುವೆ. ಹೊರಗೆ ಬಂದರೆ ಗ್ರೀಸ್ ನಿಮ್ಮ ಪ್ಯಾಂಟಿಗೆ, ಇಲ್ಲಾಂದ್ರೆ ಪಕ್ಕದಲ್ಲಿ ನಿಂತವರ ಸೀರೆಗೆ. ನನ್ನದು ಒಂದು ಬಿಳಿ ಕುರ್ತಾ ಹಾಗೆ ಹೋಯ್ತು.

ಈಗ ಕೀಲು. ಈ ಭಾಗ ಓದದೆ ಕೆಳಗೆ ಹೋಗಬೇಡಿ.

ಮಡಚುವ ಸೈಕಲ್‌ನಲ್ಲಿ ಎರಡು ಮುಖ್ಯ ಕೀಲು: ಫ್ರೇಮಿನ ನಡುವೆ ಒಂದು, ಹ್ಯಾಂಡಲ್ ಕಂಬದ ಬುಡದಲ್ಲಿ ಇನ್ನೊಂದು. ಎರಡಕ್ಕೂ ಲ್ಯಾಚ್ ಇರುತ್ತೆ. ಒಳ್ಳೆಯದರಲ್ಲಿ ಲ್ಯಾಚ್ ಹಾಕಿದ ಮೇಲೆ ಅದು ತಾನಾಗಿ ತೆರೆದುಕೊಳ್ಳದ ಹಾಗೆ ಇನ್ನೊಂದು ಚಿಲಕವೂ ಇರುತ್ತೆ. ಆ ಎರಡನೇ ಚಿಲಕ ಇಲ್ಲದ ಸೈಕಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಆಮೇಲೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲನ್ನ ಹಿಂದೆ ಮುಂದೆ ಅಲ್ಲಾಡಿಸಿ. ಇನ್ನೊಂದು ಕೈಯನ್ನ ಕೀಲಿನ ಮೇಲೆ ಇಡಿ. ಟಕ್ ಟಕ್ ಅಂತ ಬೆರಳಿಗೆ ತಾಕಿದರೆ ಅಲ್ಲಿ ಸಡಿಲ ಇದೆ ಅಂತ ಅರ್ಥ. ಹೊಸ ಸೈಕಲ್‌ನಲ್ಲಿ ಆದರೆ ಬಿಗಿ ಮಾಡಿಸಿ ಮತ್ತೆ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಕೀಲಿನ ಸುತ್ತ ಬೆಸುಗೆ ಹಾಕಿದ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯಾ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡಿ. ಬಿರುಕು ಕಂಡರೆ ನಮಸ್ಕಾರ ಹೇಳಿ ಬನ್ನಿ.

ಸೀಟ್ ಪೋಸ್ಟಿನ ಮೇಲೆ ಒಂದು ಗೆರೆ ಕೊರೆದಿರುತ್ತೆ. ಆ ಗೆರೆ ಹೊರಗೆ ಕಾಣುವಷ್ಟು ಎತ್ತರಿಸಬಾರದು. ನಿಮ್ಮ ಎತ್ತರಕ್ಕೆ ಸರಿಯಾಗಿ ಸೀಟ್ ಇಟ್ಟಾಗ ಗೆರೆ ಕಾಣ್ತಿದ್ದರೆ ಆ ಸೈಕಲ್ ನಿಮಗಲ್ಲ. ಎಷ್ಟು ಕೆಜಿ ತೂಕದ ಸವಾರರಿಗೆ ಅಂತಲೂ ಚೀಟಿಯಲ್ಲಿ ಬರೆದಿರ್ತಾರೆ, ಅದರಲ್ಲಿ ನಿಮ್ಮ ತೂಕದ ಜೊತೆ ಬ್ಯಾಗಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ.

ನಾನು ಇದನ್ನೆಲ್ಲ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಒಂದು ಸಂಜೆ ಫೋನಿನಲ್ಲಿ ಮಾತಾಡ್ತಾ ಸೈಕಲ್ ಬಿಡಿಸಿದೆ. ಹ್ಯಾಂಡಲ್ ಲ್ಯಾಚ್ ಹಾಕಿದೆ, ಆದರೆ ಎರಡನೇ ಚಿಲಕದ 'ಕ್ಲಿಕ್' ಕೇಳಿಸಿಕೊಳ್ಳಲಿಲ್ಲ. ತಪ್ಪು ಪೂರ್ತಿ ನನ್ನದೇ. ಇನ್ನೂರು ಮೀಟರ್ ಹೋಗೋವಷ್ಟರಲ್ಲಿ ಒಂದು ಹಂಪ್, ಬ್ರೇಕ್ ಹಿಡಿದೆ, ಹ್ಯಾಂಡಲ್ ಹಾಗೇ ಪಕ್ಕಕ್ಕೆ ಮಡಚಿಕೊಳ್ತು. ಹಿಂದೆ ಬರ್ತಿದ್ದ ಆಟೋ ನಿಂತಿದ್ದು ನನ್ನ ಪುಣ್ಯ. ಮಂಡಿ ತರಚಿತು, ಹೆಲ್ಮೆಟ್‌ನಲ್ಲಿ ಗೀರು ಬಿತ್ತು. ಆಟೋ ಅಣ್ಣ ಕೈ ಹಿಡಿದು ಎಬ್ಬಿಸಿ, "ಏನಮ್ಮ, ಗಾಡಿ ಮುರಿದೋಯ್ತಾ?" ಅಂದರು. ಅಮ್ಮನ ಮಾತೇ! ನಗು ಬಂತು, ಆಮೇಲೆ ಮನೆಗೆ ಹೋಗಿ ಮಂಡಿಗೆ ಡೆಟಾಲ್ ಹಚ್ಕೊಳ್ಳುವಾಗ ಕೈ ನಡುಗ್ತಿತ್ತು. ಮನೆಯಲ್ಲಿ ಒಂದು ಮಂಡಿ ಆಗಲೇ ಪೆಟ್ಟು ತಿಂದಿದೆ. ನನಗೆ ಏನಾದರೂ ಆದ್ರೆ ನಮ್ಮಿಬ್ಬರನ್ನ ನೋಡೋರು ಯಾರು? ಈಗ ಬಿಡಿಸಿದ ಮೇಲೆ ಹತ್ತೋಕೆ ಮುಂಚೆ ಹ್ಯಾಂಡಲ್ ಒಮ್ಮೆ, ಫ್ರೇಮ್ ಒಮ್ಮೆ ಕೈಯಿಂದ ಎಳೆದು ನೋಡ್ತೀನಿ. ಫೋನ್ ಬಂದರೂ ಸರಿ, ಯಾರು ಕಾದರೂ ಸರಿ.

ಇನ್ನು ಚಿಲ್ಲರೆ ವಿಷಯಗಳು. ಮಡ್‌ಗಾರ್ಡ್ ಜೊತೆಗೇ ಬರುವುದನ್ನ ತಗೊಳ್ಳಿ. ಇಲ್ಲದಿದ್ದರೆ ಜೂನ್ ತಿಂಗಳಲ್ಲಿ ನಿಮ್ಮ ಬೆನ್ನ ಮೇಲೆ ಕೆಸರಿನ ಪಟ್ಟೆ. ಕ್ಯಾರಿಯರ್ ಇದ್ದರೆ ಅದಕ್ಕೆ ಹಾಕುವ ಬ್ಯಾಗಿಗೆ ಹಿಮ್ಮಡಿ ತಾಕುತ್ತಾ ನೋಡಿ, ಪುಟ್ಟ ಸೈಕಲ್‌ನಲ್ಲಿ ಇದು ತುಂಬಾ ಆಗುತ್ತೆ. ಗೇರು 7 ಇದ್ದರೂ ಸಾಕು, ಬಸವೇಶ್ವರನಗರದ ಏರಿಗೆ ನನಗೆ 3ರಲ್ಲೇ ಆಗುತ್ತೆ. ಡಿಸ್ಕ್ ಬ್ರೇಕ್ ಅಂತ ಬಾಯಿ ಬಿಡಬೇಡಿ, ಚೆನ್ನಾಗಿ ಹೊಂದಿಸಿದ ರಿಮ್ ಬ್ರೇಕ್ ಸಾಕು, ತೂಕವೂ ಕಡಿಮೆ, ಯಾವ ಅಂಗಡಿಯಲ್ಲೂ ರಿಪೇರಿ ಆಗುತ್ತೆ.

ಬ್ಯಾಟರಿಯದು ಕೇಳ್ತಾರೆ. 250 ವಾಟ್‌ವರೆಗಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ಒಳಗಿನ ವೇಗ ಆದರೆ ರಿಜಿಸ್ಟ್ರೇಷನ್ ಬೇಡ, ಲೈಸೆನ್ಸೂ ಬೇಡ. ಬೆವರದೆ ಆಫೀಸ್ ತಲುಪಬಹುದು. ಆದರೆ ಹೆಚ್ಚಿನವು 15 ಕೆಜಿ ದಾಟ್ತವೆ, ಅಂದಮೇಲೆ ಮೆಟ್ರೋ ಆಸೆ ಬಿಡಿ. ಮನೆ ನೆಲಮಹಡಿಯಲ್ಲಿದ್ದು, ಆಫೀಸ್ ಎಂಟು ಹತ್ತು ಕಿಲೋಮೀಟರ್ ಇದ್ದರೆ ಯೋಚಿಸಿ. ಮೈಸೂರಿನವರಾದರೆ ಅಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗ ಓಡಿಸಿದವರ ಹತ್ರ ಒಂದು ಮಾತು ಕೇಳಿ. ದಿನಾ ತುಳಿಯೋ ಅಭ್ಯಾಸ ನಿಮಗೆ ಒಗ್ಗುತ್ತಾ ಅನ್ನೋದು ಬಾಡಿಗೆ ಸೈಕಲ್‌ನಲ್ಲೇ ಗೊತ್ತಾಗುತ್ತೆ, ಅದಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ.

ದುಡ್ಡು? ನನ್ನದು ಸೆಕೆಂಡ್ ಹ್ಯಾಂಡ್, 28 ಸಾವಿರ. ದಿನಕ್ಕೆ ಆಟೋಗೆ ಎರಡೂ ತುದಿ ಸೇರಿ 250 ರೂಪಾಯಿ ಹತ್ತಿರ ಹೋಗ್ತಿತ್ತು. ವಾರಕ್ಕೆ ನಾಲ್ಕು ದಿನ ಆಫೀಸು. 28 ವಾರಕ್ಕೆ ಅಸಲು ಬಂತು. ಮಳೆಗಾಲದಲ್ಲಿ ಎಷ್ಟೋ ದಿನ ಆಟೋದಲ್ಲೇ ಹೋದೆ, ಅದನ್ನ ಸೇರಿಸಿದರೆ ಎಂಟು ತಿಂಗಳು ಅನ್ನಿ.

ಭಾನುವಾರದ ಸುಖ ಈ ಲೆಕ್ಕದಲ್ಲಿ ಇಲ್ಲ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡಲ್ಲ. ಬೆಳಿಗ್ಗೆ ಖಾಲಿ ಮೆಟ್ರೋದಲ್ಲಿ ಸೈಕಲ್ ಹಿಡ್ಕೊಂಡು ಅಮ್ಮನ ಜೊತೆ ಕಬ್ಬನ್ ಪಾರ್ಕ್ ಸ್ಟೇಷನ್‌ಗೆ ಹೋಗ್ತೀನಿ. ಲಿಫ್ಟ್ ಇರೋದ್ರಿಂದ ಅವಳಿಗೂ ಕಷ್ಟ ಇಲ್ಲ. ಬೆಂಚಿನ ಮೇಲೆ ಕೂತು ಅವಳು ಕಾಫಿ ಫ್ಲಾಸ್ಕ್ ತೆಗೀತಾಳೆ, ನಾನು ಬಿದಿರು ಮೆಳೆಗಳ ಕಡೆ ಎರಡು ಸುತ್ತು ಹೊಡೆದು ಬರ್ತೀನಿ. ಹೋದ ತಿಂಗಳು ಫೋನಿನಲ್ಲಿ ಟೈಮರ್ ಹಾಕಿ ನಾನು ಮಡಚೋದನ್ನ ಅಳೆದಳು. 34 ಸೆಕೆಂಡ್. "ನಿಮ್ಮಪ್ಪ ಕೊಡೆ ಮಡಚೋಕೇ ಇಷ್ಟು ಹೊತ್ತು ತಗೋತಿದ್ರು" ಅಂದಳು.

ಮನೆಗೆ ಬರೋದು ಈಗ ಆರೂವರೆ, ಹೆಚ್ಚು ಅಂದ್ರೆ ಆರೂ ಮುಕ್ಕಾಲು. ಆ ಅಕ್ಕ ನನ್ನ ಜೊತೆ ಕೂತು ಟೀ ಕುಡಿದು ಹೊರಡ್ತಾರೆ.

ಒಂದು ಮಾತು ಮರೆತಿದ್ದೆ. ಕೊಂಡ ಮೊದಲ ತಿಂಗಳು ಮುಗಿದ ಕೂಡಲೇ ಅದೇ ಅಂಗಡಿಗೆ ಸರ್ವಿಸ್‌ಗೆ ಒಯ್ಯಿರಿ. ಹೊಸ ಕೇಬಲ್‌ಗಳು ಜಗ್ಗಿರ್ತವೆ, ಬ್ರೇಕ್ ಸಡಿಲ ಆಗಿರುತ್ತೆ, ಗೇರು ಹಾರ್ತಾ ಇರುತ್ತೆ, ಕೀಲುಗಳನ್ನೂ ಒಮ್ಮೆ ಬಿಗಿ ಮಾಡಿಸಬೇಕು. ಈ ಸರ್ವಿಸ್ ಬೆಲೆಯಲ್ಲೇ ಸೇರಿದೆಯಾ ಅಂತ ಬಿಲ್ ಹಾಕಿಸೋ ಮುಂಚೆ ಕೇಳಿ, ಸೇರಿದ್ದರೆ ಬಿಲ್ಲಿನ ಮೇಲೇ ಬರೆಸಿಕೊಳ್ಳಿ.